ಎರಡು ಗಂಟು ಅಕ್ಕಿ

ಹೋದ ವಾರ ನಮ್ಮ ರೆಸಾರ್ಟಿಗೆ ಬಂದ ಜಪಾನಿನ ಅತಿಥಿಯೊಬ್ಬರು ನನ್ನ ಕೈಗೆ ಒಂದು ಪುಟ್ಟ ಬಟ್ಟೆಯ ಚೀಲ ಕೊಟ್ಟರು. ಎರಡೂ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ ಕೊಟ್ಟರು. ದಾರ ಬಿಚ್ಚಿ ನೋಡಿದರೆ ಒಳಗೆ ಅಕ್ಕಿ. ನಮ್ಮ ಕಣ್ಣಿಗೆ ಒಗ್ಗಿದ ಅಕ್ಕಿಯಲ್ಲ; ಉದ್ದವಿಲ್ಲ, ತುದಿಯಿಲ್ಲ, ಸಣ್ಣ ಸಬ್ಬಕ್ಕಿಯ ಹಾಗೆ ದುಂಡಗೆ ಬೆಳ್ಳಗಿತ್ತು. ಅಭ್ಯಾಸಬಲದಿಂದ ಮೂಗಿನ ಹತ್ತಿರ ತಂದೆ. ತೌಡಿನ ವಾಸನೆ ಒಂದಿಷ್ಟೂ ಇರಲಿಲ್ಲ.

ತೌಡಿನ ವಾಸನೆಯೇ ಇಲ್ಲದ ಅಕ್ಕಿಯನ್ನು ಮೂಸಿದ ಕೂಡಲೇ ನನಗೆ ನೆನಪಾದದ್ದು, ಮೈಯೆಲ್ಲ ತೌಡಿನ ವಾಸನೆಯಿದ್ದ ಒಬ್ಬ ಮನುಷ್ಯ. ನಮ್ಮ ಮಾವ, ನನ್ನ ಗಂಡನ ತಂದೆ. ಆ ಅಕ್ಕಿ ಬಂದದ್ದೂ ಅವರಿಗೇ. ಅವರು ಕೇಳಿದ್ದರು, ಈ ಅತಿಥಿ ತರುತ್ತೇನೆಂದು ಮಾತು ಕೊಟ್ಟಿದ್ದರು, ತಂದೂ ಬಿಟ್ಟರು. ತೆಗೆದುಕೊಳ್ಳಬೇಕಾದವರು ಮಾತ್ರ ನಾಲ್ಕು ತಿಂಗಳ ಹಿಂದೆಯೇ...

ಮಾವ ಕೆ.ಆರ್. ನಗರದ ಒಂದು ರೈಸ್ ಮಿಲ್ಲಿನಲ್ಲಿ ಮೂವತ್ತೈದು ವರ್ಷ ಪಾಲಿಷ್ ಮಿಷನ್ ನೋಡಿಕೊಂಡಿದ್ದವರು. ಭತ್ತದ ಹೊಟ್ಟು ಹೋದ ಮೇಲೆ ಕಂದು ಬಣ್ಣದಲ್ಲಿರುವ ಅಕ್ಕಿಯನ್ನು ಉಜ್ಜಿ, ತೌಡು ತೆಗೆದು ಬೆಳ್ಳಗೆ ಮಾಡುವ ಮಿಷನ್ ಅದು. ಬಿಸಿಬಿಸಿಯಾಗಿ ಇಳಿಯುವ ಅಕ್ಕಿಗೆ ಅಂಗೈ ಒಡ್ಡಿ, ಉಫ್ ಎಂದು ಊದಿ, ಒಂದು ಕಾಳನ್ನು ಮುಂಬಲ್ಲಿನಲ್ಲಿ ಕಟ್ಟೆಂದು ಕಚ್ಚಿ, ಇನ್ನೆಷ್ಟು ಉಜ್ಜಬೇಕೆಂದು ಹೇಳಿಬಿಡುತ್ತಿದ್ದರಂತೆ. ಅತ್ತೆ ತೀರಿಕೊಂಡ ಮೇಲೆ ಮಿಲ್ಲು ಬಿಟ್ಟು ಸರಗೂರಿನ ನಮ್ಮ ಮನೆಗೆ ಬಂದರು. ಬಂದು ವರ್ಷಗಳಾದರೂ ಅವರ ಅಂಗಿಗಳಿಂದ ತೌಡಿನ ವಾಸನೆ ಹೋಗಲಿಲ್ಲ. ನಾನು ಎಷ್ಟು ಸೋಪು ಹಾಕಿ ತಿಕ್ಕಿದರೂ ಅಷ್ಟೇ. ಕೊನೆಗೆ ಸೋಪು ಖರ್ಚಾಗುವುದೇ ಲಾಭ ಎಂದು ಸುಮ್ಮನಾದೆ.

ನಮ್ಮದು ಶಿವಾಚಾರದ ಮನೆ. ಮಾವ ಎದ್ದು ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ಶಿವಪೂಜೆ ಮುಗಿಸುವವರೆಗೆ ಒಂದು ಲೋಟ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ಬ್ರಾಂದಿ ಅಂಗಡಿಯಿರುವ ಬೀದಿ ಬಂತೆಂದರೆ ಇನ್ನೊಂದು ಬೀದಿ ಸುತ್ತಿಕೊಂಡು ಹೋಗುತ್ತಿದ್ದ ಜನ. ಅಂಥವರ ಸೊಸೆಯಾದ ನಾನು ಕಬಿನಿ ಹಿನ್ನೀರಿನ ದಂಡೆಯ ಒಂದು ರೆಸಾರ್ಟಿನಲ್ಲಿ ಕೆಲಸಕ್ಕೆ ಸೇರಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಯಾವಕ್ಕಿ ಅನ್ನ ಮಾಡ್ತಾರವ್ವ?"

ರೆಸಾರ್ಟಿನಲ್ಲಿ ನನ್ನದು ಬೆಳಗಿನ ತಿಂಡಿಯ ಕೌಂಟರು. ಬೆಳಗಿನ ಜಾವ ವ್ಯಾನು ಬಂದು ಕರೆದುಕೊಂಡು ಹೋಗುತ್ತಿತ್ತು, ಹನ್ನೊಂದೂವರೆಗೆ ಮನೆ ಮುಂದೆ ಇಳಿಸುತ್ತಿತ್ತು. ಸಫಾರಿಗೆ ಹೋಗಿ ಬಂದವರಿಗೆ ಇಡ್ಲಿ, ಪೊಂಗಲ್ಲು, ಅಕ್ಕಿರೊಟ್ಟಿ ಬಡಿಸುತ್ತಾ, ಹುಲಿ ಕಂಡಿತಾ ಸಾರ್, ಕಾಣಲಿಲ್ಲವಾ ಸಾರ್ ಎಂದು ಕೇಳುತ್ತಾ ಒಂಬತ್ತು ವರ್ಷ ಕಳೆದಿದ್ದೆ. ನನ್ನ ನಂತರ ಬಂದವರೆಲ್ಲ ಹೋಟೆಲ್ ಕೋರ್ಸಿನ ಸರ್ಟಿಫಿಕೇಟು ತೋರಿಸಿ ನನ್ನ ಮೇಲಿನವರಾದರು. ಅದೇ ಸಮಯಕ್ಕೆ ಬಾರ್ ನೋಡಿಕೊಳ್ಳುತ್ತಿದ್ದವನು ಕೆಲಸ ಬಿಟ್ಟ. ಜಪಾನಿನ ಅತಿಥಿಗಳು ಗುಂಪು ಗುಂಪಾಗಿ ಬರತೊಡಗಿದ್ದರು, ಅವರಿಗಾಗಿ ಸಾಕೆ ಎಂಬ ಅವರ ದೇಶದ ಪಾನೀಯ ತರಿಸಬೇಕೆಂದು ಮೇಲಿನವರು ತೀರ್ಮಾನಿಸಿದ್ದರು. ಅದನ್ನು ಅಕ್ಕಿಯಿಂದ ಮಾಡುತ್ತಾರೆ ಎಂದು ಕೇಳಿದ್ದೇ, ನಾನೇ ಮುಂದೆ ಹೋಗಿ, "ಸಾರ್, ಅದು ನಾನು ನೋಡ್ಕೋತೀನಿ" ಎಂದುಬಿಟ್ಟೆ. ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ. ಅಕ್ಕಿ ಅಂದ ತಕ್ಷಣ ನಮ್ಮ ಮನೆಯದು ಅನ್ನಿಸಿಬಿಟ್ಟಿರಬೇಕು. ಮ್ಯಾನೇಜರು ಬೇರೆ ಯಾರೂ ಇಲ್ಲದ್ದರಿಂದ ಹೂಂ ಅಂದರು.

ಮೊದಲ ವಾರವೇ ನಾನು ಎಡವಟ್ಟು ಮಾಡಿದೆ. ಪೆಟ್ಟಿಗೆಯಲ್ಲಿ ಬಂದ ಬಾಟಲಿಗಳಲ್ಲಿ ಒಂದು ಮಾತ್ರ ಮಜ್ಜಿಗೆಯ ಹಾಗೆ ಬೆಳ್ಳಗೆ ಕದಡಿಕೊಂಡಿತ್ತು. ಮಿಕ್ಕವೆಲ್ಲ ನೀರಿನಷ್ಟು ತಿಳಿ. ಇದನ್ನು ಸೋಸುವುದನ್ನು ಮರೆತು ಕಳಿಸಿದ್ದಾರೆ ಎಂದುಕೊಂಡೆ. ಅಕ್ಕಿ ತೊಳೆದ ನೀರನ್ನು ಸುಮ್ಮನೆ ಇಟ್ಟರೆ ಹಿಟ್ಟು ತಳಕ್ಕೆ ಕೂರುವುದನ್ನು ಕಾಣದ ಹೆಂಗಸು ನಮ್ಮ ಕಡೆ ಯಾರಿದ್ದಾರೆ? ಬಾಟಲಿಯನ್ನು ಒಂದು ದಿನ ಅಲುಗಾಡಿಸದೆ ಇಟ್ಟೆ. ಮೇಲಿನ ತಿಳಿಯನ್ನು ಹುಷಾರಾಗಿ ಜಗ್ಗಿಗೆ ಬಗ್ಗಿಸಿದೆ. ತಳದ ಬೆಳ್ಳನೆಯ ಮಡ್ಡಿಯನ್ನು ಅಡುಗೆಮನೆಯ ಹಿಂದಿನ ಕಲಗಚ್ಚಿನ ಬಾನಿಗೆ ಸುರಿದು, ಒಂದು ದೊಡ್ಡ ತಪ್ಪು ತಿದ್ದಿದ ಸಮಾಧಾನದಲ್ಲಿ ಕೈ ತೊಳೆದುಕೊಂಡೆ. ಆ ಬಾನಿ ಪಕ್ಕದ ಊರಿನ ಒಂದು ಹಸುವಿಗೆ ಹೋಗುತ್ತಿತ್ತು.

ಮಾರನೆಯ ದಿನ ಬಂದವರೇ ಈ ಜಪಾನಿನ ಅತಿಥಿ. ಹಕ್ಕಿ ನೋಡಲು ಬಂದಿದ್ದ, ಅರವತ್ತು ದಾಟಿದ ಮನುಷ್ಯ. ಅವರ ಮನೆತನವೇ ತಲೆತಲಾಂತರದಿಂದ ಸಾಕೆ ಮಾಡುವವರದು ಎಂದು ಆಮೇಲೆ ಗೊತ್ತಾಯಿತು. ಪಟ್ಟಿ ನೋಡಿ ಬೆರಳಿಟ್ಟು ಕೇಳಿದ್ದು ಅದೇ ಬೆಳ್ಳನೆಯದನ್ನು. ಅದರ ಹೆಸರು ನಿಗೋರಿ. ಹಿಟ್ಟನ್ನು ಬೇಕೆಂದೇ ಉಳಿಸುತ್ತಾರೆ, ಕುಡಿಯುವ ಮುಂಚೆ ಅಲುಗಿಸಿ ಬೆರೆಸುತ್ತಾರೆ, ಅದರ ರುಚಿಯೇ ಆ ಹಿಟ್ಟು. ನಾನು ತಿಳಿಯ ಜಗ್ಗು ತಂದು ಹೆಮ್ಮೆಯಿಂದ ಇಟ್ಟೆ. ಅವರು ಜಗ್ಗನ್ನು ನೋಡಿದರು, ನನ್ನನ್ನು ನೋಡಿದರು, ಬೆಳ್ಳಗಿನದು ಎಲ್ಲಿ ಎಂದು ಕೈಯಲ್ಲಿ ಕೇಳಿದರು. ಅವರ ಇಂಗ್ಲಿಷೂ ಕುಂಟು, ನನ್ನದೂ ಕುಂಟು, ಹಾಗಾಗಿ ಇಬ್ಬರಿಗೂ ಜೊತೆಯಲ್ಲಿ ನಡೆಯಲು ಅನುಕೂಲವಾಗಿತ್ತು. "ಕೌ" ಅಂದೆ. "ಕೌ?" ಅಂದರು. ಬಾನಿಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಸುವಿಗೇನೂ ಆಗಲಿಲ್ಲವಂತೆ, ಆದರೆ ಎರಡು ದಿನ ನಮ್ಮ ಬಾನಿಯ ಕಲಗಚ್ಚು ಬಿಟ್ಟು ಬೇರೆ ಯಾವುದಕ್ಕೂ ಬಾಯಿ ಹಾಕಲಿಲ್ಲವೆಂದು ಅದರ ಯಜಮಾನಿ ಹೇಳಿದಳು.

ಮ್ಯಾನೇಜರು ನಗಲಿಲ್ಲ. "ನೋಡಮ್ಮ, ಇದು ಇಡ್ಲಿ ಬಡಿಸಿದ ಹಾಗಲ್ಲ. ಕಲಿತವರನ್ನ ಹೊರಗಿಂದ ಕರೆಸ್ತೀನಿ, ನೀನು ನಿನ್ನ ಕೌಂಟರಿಗೆ ಹೋಗು" ಎಂದರು. ಎಲ್ಲರ ಎದುರಿಗೇ ಅಂದರು. ಆಗ ಆ ಅತಿಥಿಯೇ ನಡುವೆ ಬಂದರು. ತಾವು ಕೊಪ್ಪದ ಕಡೆ, ಕೊಡಗಿನ ಕಡೆ ಸುತ್ತಿ, ಕೇರಳಕ್ಕೂ ಹೋಗಿ ಒಂದೂವರೆ ತಿಂಗಳ ನಂತರ ಮತ್ತೆ ಬರುವುದಾಗಿ ಹೇಳಿದರು. ಬಂದ ದಿನ ಆರು ಬಟ್ಟಲು ಇಡುತ್ತೇನೆ, ಹೆಸರು ಹೇಳುವುದಿಲ್ಲ. ಯಾವುದು ಯಾವ ಬಗೆ ಎಂದು ಈಕೆ ಹೇಳಿದರೆ ಕೆಲಸ ಇವಳಿಗೆ, ಇಲ್ಲದಿದ್ದರೆ ನಿಮ್ಮಿಷ್ಟ ಎಂದರು. ಅತಿಥಿಯ ಮಾತು ತೆಗೆದುಹಾಕಲು ಮ್ಯಾನೇಜರಿಗೆ ಆಗಲಿಲ್ಲ. ಅಭ್ಯಾಸಕ್ಕೆ ಐದು ಬಗೆಯ ಬಾಟಲಿಗಳನ್ನೂ ಅತಿಥಿಯೇ ತೆಗೆಸಿಕೊಟ್ಟು ಹೋದರು.

ರೆಸಾರ್ಟಿನಲ್ಲಿ ಅಭ್ಯಾಸಕ್ಕೆ ಹೊತ್ತೆಲ್ಲಿ? ಮ್ಯಾನೇಜರನ್ನು ಕೇಳಿಯೇ, ತೊಳೆದ ಔಷಧದ ಶೀಶೆಗಳಲ್ಲಿ ಒಂದೊಂದು ಮುಚ್ಚಳದಷ್ಟು ತುಂಬಿಕೊಂಡು ಮನೆಗೆ ತಂದೆ. ರಾಗಿಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟೆ. ಮಾವ ಹಿತ್ತಲಲ್ಲಿ ಇದ್ದಾರೆಂದು ನೋಡಿಕೊಂಡು ಮೊದಲ ಶೀಶೆಯ ಬಿರಡೆ ತೆಗೆದೆ, ಅಷ್ಟೆ. ಹಿತ್ತಲ ಬಾಗಿಲಲ್ಲಿ ಮಾವ ನಿಂತಿದ್ದರು.

"ಏನವ್ವ ಅದು? ತೌಡಿನ ವಾಸ್ನೆ ಬತ್ತಾ ಅದೆ?"

ಸುಳ್ಳು ಹೇಳಲು ಬಾಯಿ ತೆರೆದೆ, ಬಂದದ್ದು ನಿಜ. ಹಸುವಿನಿಂದ ಹಿಡಿದು ಆರು ಬಟ್ಟಲಿನವರೆಗೆ ಎಲ್ಲವನ್ನೂ ಅಳುತ್ತಾ ಒದರಿಬಿಟ್ಟೆ. "ನುಂಗಲ್ಲ ಮಾವ, ಬಾಯಲ್ಲಿಟ್ಟು ಉಗೀತೀನಿ ಅಷ್ಟೆ" ಎಂದೂ ಸೇರಿಸಿದೆ. ಮಾವ ಹಿತ್ತಲ ನಲ್ಲಿಯಲ್ಲಿ ಕೈ ತೊಳೆದು ಬಂದರು.

"ನುಂಗಿದ್ರೂ ಉಗುದ್ರೂ ಅದು ನಿಂಗೆ ಬುಟ್ಟಿದ್ದು," ಎಂದರು. "ಕಲಿತೀನಿ ಅಂತ ಓದ್ಮೇಲೆ ಅರ್ಧಕ್ಕೆ ಬುಟ್ಟು ಬರ್ಬ್ಯಾಡ. ಒಸಿ ತಾ ಇಲ್ಲಿ. ನಾನು ಬಾಯ್ಗಿಕ್ಕಲ್ಲ, ಮೂಗ್ಗೆ ಇಡೀತೀನಿ."

ಶೀಶೆಯನ್ನು ಮೂಗಿನ ಕೆಳಗೆ ಹಿಡಿದು ಕಣ್ಣು ಮುಚ್ಚಿದರು. "ಇದ್ಕೆ ಮೊದಲ್ನೇ ತೌಡು ಪೂರಾ ಓಗಿದೆ, ಎರಡ್ನೇದು ಒಸಿ ಉಳ್ಕೊಂಡದೆ. ಕಡ್ಲೆಕಾಯ್ ಉರ್ದಂಗೆ ಬತ್ತದೆ ನೋಡು" ಎಂದರು. ಅದು ಜುನ್‌ಮಾಯ್, ಅಂದರೆ ಅಕ್ಕಿ, ನೀರು, ಹುದುಗು ಬಿಟ್ಟು ಬೇರೇನೂ ಹಾಕದ್ದು. ಎರಡನೆಯದಕ್ಕೆ ಮೂಗು ಸುಕ್ಕಿಸಿದರು. "ಇದ್ರಲ್ಲಿ ಅಕ್ಕೀದಲ್ಲದ್ದು ಏನೋ ಸೇರದೆ. ಮೂಗ್ಗೆ ಬಿರ್ನೆ ಬಂದು ಬಿರ್ನೆ ಓಯ್ತದೆ." ಹೊಂಜೋಜೊ ಎಂಬ ಆ ಬಗೆಗೆ ಬಟ್ಟಿಯಿಳಿಸಿದ ಸಾರವನ್ನು ಚೂರು ಬೆರೆಸುತ್ತಾರೆಂದು ಅತಿಥಿ ಬರೆದುಕೊಟ್ಟ ಚೀಟಿಯಲ್ಲಿತ್ತು. ಆ ಚೀಟಿ ನನ್ನ ಸೊಂಟದಲ್ಲಿತ್ತು. ಮೂರನೆಯದು ಕಿಮೊತೊ, ಹಳೆಯ ಪದ್ಧತಿಯಲ್ಲಿ ನಿಧಾನವಾಗಿ ಹುಳಿ ಬರಿಸಿ ಮಾಡಿದ್ದು. "ತಂಗಳನ್ನದ ನೀರು" ಎಂದು ಒಂದೇ ಮಾತಿಗೆ ಮುಗಿಸಿದರು. ನಾಲ್ಕನೆಯದು ವರ್ಷಗಟ್ಟಲೆ ಇಟ್ಟು ಜೇನಿನ ಬಣ್ಣ ಬಂದ ಕೊಶು. "ಹಳೇ ಬೆಲ್ಲ, ಜೊತ್ಗೆ ಹುಣ್ಸೆಹಣ್ಣು."

ಐದನೆಯ ಶೀಶೆಯ ಹತ್ತಿರ ಮಾತ್ರ ತುಂಬ ಹೊತ್ತು ನಿಂತರು. ದೈಗಿಂಜೊ. ಬಾಳೆಹಣ್ಣು, ಕಲ್ಲಂಗಡಿ, ಯಾವುದೋ ಹೂವು, ಎಲ್ಲ ಒಟ್ಟಿಗೆ ಬರುವಂಥದ್ದು. "ಇದ್ರಲ್ಲಿ ತೌಡೇ ಇಲ್ವಲ್ಲವ್ವ!" ಎಂದರು. ಇದಕ್ಕೆ ಕಾಳಿನ ಅರ್ಧವನ್ನೇ ಉಜ್ಜಿ ತೆಗೆಯುತ್ತಾರಂತೆ ಮಾವ, ಒಳಗಿನ ಅರ್ಧ ಮಾತ್ರ ಉಳಿಸುತ್ತಾರಂತೆ ಎಂದೆ. ಮಾವ ನನ್ನನ್ನು ಮಿಲ್ಲಿಗೆ ಕಳ್ಳ ಹೊಕ್ಕ ಸುದ್ದಿ ಹೇಳಿದವಳ ಹಾಗೆ ನೋಡಿದರು.

"ಅರ್ಧ ಕಾಳ್ನೇ ತೌಡಿಗಾ? ಅದ್ಯಾವ ಮಿಲ್ಲಪ್ಪ ಅದು! ಕಾಳು ಪುಡಿಯಾಗ್ದಂಗೆ ಎಂಗೆ ಉಜ್ತಾರೆ?"

ಆ ದಿನದಿಂದ ಅವರಿಗೆ ನನ್ನ ಪರೀಕ್ಷೆಗಿಂತ ಆ ಅಕ್ಕಿಯದೇ ಚಿಂತೆಯಾಯಿತು. ಒಂದು ಬೆಳಗ್ಗೆ ನನ್ನ ರಜಾದಿನ ನೋಡಿಕೊಂಡು, "ನಡಿ, ಮಿಲ್ಗೆ ಓಗ್ಬರಾವ" ಎಂದು ಹೊರಡಿಸಿದರು. ಸರಗೂರಿನಿಂದ ಕೋಟೆ, ಕೋಟೆಯಿಂದ ಹುಣಸೂರು, ಹುಣಸೂರಿನಿಂದ ಕೆ.ಆರ್. ನಗರ. ಮೂರು ಬಸ್ಸು ಹತ್ತಿಳಿದೆವು. ಮಿಲ್ಲಿನಲ್ಲಿ ಈಗ ಮಿಷನ್ ನೋಡುವವನು ಮಾವನ ಶಿಷ್ಯನೇ. ಒಂದೇ ಅಕ್ಕಿಯನ್ನು ನಾಲ್ಕು ಸಲ ಪಾಲಿಷ್ ಮಾಡಬೇಕೆಂದು ಕೇಳಿ ಗಟ್ಟಿಯಾಗಿ ನಕ್ಕ. "ಅಣ್ಣೋ, ನಾಕು ಸಲ ಬುಟ್ರೆ ಉಳಿಯಾದೆಲ್ಲ ನುಚ್ಚೇಯ!" ಎಂದ.

ಮಾವ ಅಂಗಿಯ ತೋಳು ಮಡಿಸಿದರು. "ನೀನು ಬುಟ್ರೆ ನುಚ್ಚು. ಅತ್ಲಾಗ್ ನಿಂತ್ಕೊ."

ಅವತ್ತು ಅವರನ್ನು ನೋಡಬೇಕಿತ್ತು. ಮನೆಯಲ್ಲಿ ಮಂಡಿ ಹಿಡಿದುಕೊಂಡು ಏಳುತ್ತಿದ್ದ ಮನುಷ್ಯ ಮಿಷನ್ನಿನ ಮುಂದೆ ನೆಟ್ಟಗೆ ನಿಂತಿದ್ದರು. ಒತ್ತಡ ಇಳಿಸಿದರು, ಅಕ್ಕಿ ಬೀಳುವ ಬಾಯನ್ನು ಸಣ್ಣದು ಮಾಡಿದರು, ಬಿಸಿಯಾದ ಅಕ್ಕಿಯನ್ನು ಗೋಣಿತಟ್ಟಿನ ಮೇಲೆ ಹರಡಿ ಆರಿಸಿ ಮತ್ತೆ ಬಿಟ್ಟರು. ಪ್ರತಿ ಸಲವೂ ಇಳಿದ ತೌಡನ್ನು ನನ್ನ ಮೂಗಿಗೆ ಹಿಡಿದರು. ಮೊದಲ ತೌಡು ಜಿಡ್ಡುಜಿಡ್ಡು, ಎಣ್ಣೆಯ ವಾಸನೆ. ಎರಡನೆಯದು ಹುರಿದ ಕಡಲೆಕಾಯಿಯ ಹಾಗೆ ಸಿಹಿ. ಮೂರನೆಯದು ಮುಖಕ್ಕೆ ಹಚ್ಚುವ ಪೌಡರಿನ ಹಾಗೆ ನುಣ್ಣಗೆ. ನಾಲ್ಕನೆಯದಕ್ಕೆ ವಾಸನೆಯೇ ಇರಲಿಲ್ಲ, ಬರೀ ಹಿಟ್ಟು. ನುಚ್ಚೂ ಸಾಕಷ್ಟು ಬಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಕಾಲು ಭಾಗ ಸವೆದೂ ಇಡಿಯಾಗಿ ಉಳಿದ ಕಾಳುಗಳು ಒಂದು ಸೇರಿನಷ್ಟು ಸಿಕ್ಕವು. ಶಿಷ್ಯ ಬಾಯಿ ತೆರೆದುಕೊಂಡು ನಿಂತಿದ್ದ. ಮಾವ ತಮ್ಮ ಹಳೆಯ ಟವೆಲ್ಲನ್ನು ಹರಿದು, ಒಂದೊಂದು ಸಲದ ಅಕ್ಕಿಗೆ ಒಂದೊಂದರಂತೆ ನಾಲ್ಕು ಗಂಟು ಕಟ್ಟಿದರು. ವಾಪಸ್ಸು ಬರುವಾಗ ಸರಗೂರಿನವರೆಗೂ ಆ ಗಂಟುಗಳನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಅಲ್ಲಿಂದಾಚೆ ನನ್ನ ಪಾಠ ಶುರುವಾಯಿತು. ನಾನು ಹನ್ನೊಂದೂವರೆಗೆ ವ್ಯಾನಿನಿಂದ ಇಳಿದು ಬಂದರೆ ಮಾವ ಹಿತ್ತಲ ಒಗೆಯುವ ಕಲ್ಲಿನ ಪಕ್ಕ ಕಾದಿರುತ್ತಿದ್ದರು. ನಾಲ್ಕು ಅಕ್ಕಿಯ ತೊಳೆದ ನೀರನ್ನು ನಾಲ್ಕು ಲೋಟದಲ್ಲಿ ಮೂಸಬೇಕು. ಕಾಳು ಅಗಿಯಬೇಕು. ಆಮೇಲೆ ಶೀಶೆ. ನಾನು ಬಾಯಲ್ಲಿಟ್ಟು ಉಗಿದು ಹೇಳುವುದು, ಅವರು ಮೂಸಿ ಹೇಳುವುದು. ಹೊಂದದಿದ್ದರೆ ಮತ್ತೆ ಮೊದಲಿಂದ. "ತಣ್ಣಗಿದ್ದಾಗ ಯಾವಕ್ಕೀನೂ ಮಾತಾಡಲ್ಲ ಕಣವ್ವ, ಬಿಸಿನೀರ್ಗೆ ಇಡು, ಬಾಯ್ಬುಡ್ತವೆ" ಎಂದು ಲೋಟಗಳನ್ನು ಬಿಸಿನೀರಿನ ಪಾತ್ರೆಯಲ್ಲಿ ಇಡಿಸುತ್ತಿದ್ದರು. ಮುಗಿದ ಮೇಲೆ ಅವರು ಸ್ನಾನಕ್ಕೆ ಹೋಗುತ್ತಿದ್ದರು.

ಎಂಟು-ಹತ್ತು ದಿನ ನನಗೆ ಅದು ಹೊಳೆಯಲೇ ಇಲ್ಲ, ಎಂಥ ದಡ್ಡಿ ನಾನು. ಆಮೇಲೊಂದು ದಿನ ನನ್ನ ಗಂಡ ಗೊಬ್ಬರದ ಅಂಗಡಿಯಿಂದ ಊಟಕ್ಕೆ ಬಂದವರು ಹೇಳಿದರು. "ಅಪ್ಪ ಒಂದು ಗಂಟೆತನಕ ಉಪವಾಸ ಇರ್ತದಲ್ಲೇ, ನಿಂಗೆ ಗೊತ್ತಿಲ್ವಾ?" ಮದ್ಯ ಮೂಸಿದ ಮೇಲೆ ಸ್ನಾನ ಮಾಡದೆ ಮಾವ ಪೂಜೆಗೆ ಕೂರುವಂತಿಲ್ಲ. ಪೂಜೆಯಾಗದೆ ಬಾಯಿಗೆ ಏನೂ ಇಡುವಂತಿಲ್ಲ. ಹಾಗಾಗಿ ನಾನು ಬರುವವರೆಗೆ ಸ್ನಾನವನ್ನೇ ಮುಂದಕ್ಕೆ ಹಾಕಿ, ಬೆಳಗಿನ ಕಾಫಿಯೂ ಇಲ್ಲದೆ, ಎಪ್ಪತ್ತರ ಆ ಜೀವ ಪ್ರತಿದಿನ ಮಧ್ಯಾಹ್ನದವರೆಗೆ ಹಸಿದು ಕೂರುತ್ತಿತ್ತು. ನಾನು ಓಡಿಹೋಗಿ ಇನ್ನು ಬೇಡ ಮಾವ ಎಂದು ಜಗಳ ತೆಗೆದೆ. ಅವರು ಮೂಗು ಮುಟ್ಟಿ ತೋರಿಸಿದರು. "ಅಸಿದಿದ್ರೆ ಇದು ಚೂಟಿಯಾಗಿರ್ತದೆ. ಓಗು, ಲೋಟ ತಕ್ಕೊಂಬಾ" ಎಂದರು.

ಕೊನೆಯ ವಾರ ಅವರು ನನಗೊಂದು ಚಳ್ಳೆಹಣ್ಣು ತಿನ್ನಿಸಿದರು. ಎರಡು ಗಂಟು ಮುಂದಿಟ್ಟು ಎರಡರ ವ್ಯತ್ಯಾಸ ಹೇಳು ಎಂದರು. ಒಂದರ ಕಾಳು ಬೆಚ್ಚಗೆ, ಬಿರುಸು. ಇನ್ನೊಂದರದು ತಂಪು, ಮೆದು. ಮೊದಲಿನದಕ್ಕೆ ಘಮ ಹೆಚ್ಚು. ನಾನು ಪಂಡಿತೆಯ ಹಾಗೆ, ಇದು ಎರಡನೇ ಪಾಲಿಷ್ಷು, ಅದು ಮೂರನೆಯದು, ಭತ್ತವೂ ಬೇರೆ ಇರಬಹುದು ಎಂದು ವಿವರಿಸಿದೆ. ಮಾವ ನಗಲು ಶುರುಮಾಡಿದರು. ಎರಡೂ ಒಂದೇ ಅಕ್ಕಿ. ಒಂದನ್ನು ಒಲೆಯ ಪಕ್ಕ ಇಟ್ಟಿದ್ದರು, ಇನ್ನೊಂದನ್ನು ನೀರಿನ ಮಡಕೆಯ ಪಕ್ಕ. "ಎರಡು ಗಂಟು ಕಂಡ್ರೆ ಎರಡಕ್ಕಿ ಅಂತ ಯಾರವ್ವ ಏಳಿದ್ದು ನಿಂಗೆ?" ಎಂದು ಎರಡು ದಿನ ನಕ್ಕರು. ಊಟಕ್ಕೆ ಕೂತಾಗ ನಕ್ಕರು, ಪೂಜೆಗೆ ಹೂವು ಬಿಡಿಸುವಾಗ ನಕ್ಕರು. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಸಾರಿಗೆ ಉಪ್ಪು ಜಾಸ್ತಿ ಹಾಕಿಬಿಟ್ಟಿದ್ದೆ.

ಹೇಳಿದ ಹಾಗೆ ಆ ಅತಿಥಿ ಬಂದರು. ಬೆಳಗಿನ ತಿಂಡಿ ಮುಗಿದ ಹೊತ್ತಿನಲ್ಲಿ, ಹಿನ್ನೀರು ಕಾಣುವ ಕಿಟಕಿಯ ಪಕ್ಕದ ಮೇಜಿನ ಮೇಲೆ ಆರು ಬಿಳಿ ಬಟ್ಟಲು ಸಾಲಾಗಿ ನಿಂತವು. ಅಡುಗೆಮನೆಯವರು, ಸಫಾರಿ ಡ್ರೈವರುಗಳು, ಎಲ್ಲ ಬಂದು ನೆರೆದರು. ಮ್ಯಾನೇಜರು ಕೈಕಟ್ಟಿ ನಿಂತರು. ಹೊರಗಿನಿಂದ ಬರಬೇಕಾದವನ ಅರ್ಜಿ ಅವರ ಮೇಜಿನ ಮೇಲಿದ್ದದ್ದನ್ನು ನಾನೇ ಕಂಡಿದ್ದೆ. ಇವತ್ತು ತಪ್ಪಿದರೆ ಇನ್ನು ಪೊಂಗಲ್ಲಿನ ಸೌಟೇ ಗತಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಜೇನುಬಣ್ಣದ ಕೊಶು ಬಿಟ್ಟಿ ಮಾರ್ಕು, ನೋಡಿದರೇ ಗೊತ್ತಾಗುತ್ತಿತ್ತು. ತಂಗಳನ್ನದ ನೀರಿನ ಕಿಮೊತೊ ಮೂಗಿಗೇ ಸಿಕ್ಕಿತು. ಬೇಗ ಬಂದು ಬೇಗ ಹೋಗುವ ಹೊಂಜೋಜೊ, ತೌಡಿಲ್ಲದ ದೈಗಿಂಜೊ, ಹುರಿದ ಕಡಲೆಕಾಯಿಯ ಜುನ್‌ಮಾಯ್. ಐದನ್ನೂ ಸರಿಯಾಗಿ ಹೇಳಿದೆ. ಅತಿಥಿ ಒಂದೊಂದಕ್ಕೂ ತಲೆಯಾಡಿಸಿದರು. ಉಳಿದದ್ದು ಆರನೆಯ ಬಟ್ಟಲು. ತಣ್ಣಗಿತ್ತು. ವಾಸನೆ ಇದ್ದೂ ಇಲ್ಲದ ಹಾಗಿತ್ತು, ನಾಲಗೆಯ ಮೇಲೆ ಚೂಪಾಗಿತ್ತು. ಇದು ನಾನು ಕಲಿಯದ ಬೇರೆ ಯಾವುದೋ ಬಗೆ ಎಂದುಕೊಂಡೆ. ಚೀಟಿಯಲ್ಲಿದ್ದ, ಇರದ ಹೆಸರುಗಳನ್ನೆಲ್ಲ ನೆನಪಿಸಿಕೊಂಡೆ. ಯಾವುದಾದರೂ ಒಂದನ್ನು ಅಂದುಬಿಡೋಣವೆಂದು ಬಾಯಿ ತೆರೆದೇಬಿಟ್ಟಿದ್ದೆ.

ಆಗ ಮಾವ ನಕ್ಕದ್ದು ನೆನಪಾಯಿತು. ಒಲೆಯ ಪಕ್ಕದ ಗಂಟು, ಮಡಕೆಯ ಪಕ್ಕದ ಗಂಟು...

"ಬಿಸಿನೀರು ಬೇಕು" ಎಂದೆ. ಅಡುಗೆಯವನು ಪಾತ್ರೆ ತಂದ. ತಣ್ಣನೆಯ ಬಟ್ಟಲನ್ನೂ ಜುನ್‌ಮಾಯ್ ಬಟ್ಟಲನ್ನೂ ಒಟ್ಟಿಗೆ ಅದರಲ್ಲಿಟ್ಟೆ. ಅತಿಥಿಯ ಹುಬ್ಬು ಮೇಲೇರಿತು. ಎರಡೂ ಒಂದೇ ಹದಕ್ಕೆ ಬೆಚ್ಚಗಾದ ಮೇಲೆ ಮೂಸಿದೆ, ಬಾಯಲ್ಲಿಟ್ಟೆ, ಉಗಿದೆ. ತಣ್ಣನೆಯ ಬಟ್ಟಲು ಬಾಯಿಬಿಟ್ಟಿತು. ಹುರಿದ ಕಡಲೆಕಾಯಿ!

"ಸಾರ್, ಆರು ಬಟ್ಟಲಿದೆ, ಬಾಟಲಿ ಐದೇ. ಇವೆರಡೂ ಒಂದೇ" ಎಂದೆ.

ಮ್ಯಾನೇಜರು, "ಆರು ಅಂತ ಮೊದಲೇ ಹೇಳಿದ್ರಲ್ಲಮ್ಮ" ಎಂದು ಗೊಣಗಿದರು. ಅತಿಥಿ ಎದ್ದು ನಿಂತರು. ನನ್ನ ಮುಂದೆ ಸೊಂಟ ಬಗ್ಗಿಸಿ ನಮಸ್ಕರಿಸಿದರು, ಎಷ್ಟು ಹೊತ್ತು ಬಗ್ಗಿದ್ದರೆಂದರೆ ನನಗೇ ಮುಜುಗರವಾಯಿತು. ಒಂದು ಬಾಟಲಿಯನ್ನು ಎರಡು ಮಾಡಿ ಇಟ್ಟದ್ದು ಅವರೇ. ಎಷ್ಟೋ ಕಲಿತವರನ್ನು ಹೀಗೆ ಬೀಳಿಸಿದ್ದೇನೆ, ಇಲ್ಲದ ಹೆಸರುಗಳನ್ನೆಲ್ಲ ಹೇಳುತ್ತಾರೆ ಎಂದು ಆಮೇಲೆ ನಗುತ್ತಾ ಹೇಳಿದರು. ಸಫಾರಿ ಡ್ರೈವರೊಬ್ಬ ಶಿಳ್ಳೆ ಹೊಡೆದ. ಅಡುಗೆಮನೆಯವರು ಹೋ ಎಂದು ಕೂಗಿದರು. ಮ್ಯಾನೇಜರು ಕಟ್ಟಿದ ಕೈ ಬಿಚ್ಚಿ ಚಪ್ಪಾಳೆ ತಟ್ಟಿದರು. ನಾನು ಗೆದ್ದಿದ್ದೆ. ಬಿಗುಮಾನವೇಕೆ, ಅವತ್ತು ನನ್ನ ಕಾಲು ನೆಲದ ಮೇಲಿರಲಿಲ್ಲ.

ಯಾರು ಕಲಿಸಿದ್ದು ಎಂದು ಕೇಳಿ, ಅದೇ ಮಧ್ಯಾಹ್ನ ಅತಿಥಿ ಸರಗೂರಿನ ನಮ್ಮ ಮನೆಗೆ ಬಂದರು. ಮಾವ ಇನ್ನೂ ಸ್ನಾನ ಮಾಡಿರಲಿಲ್ಲ. ಬೇಕಾದೀತೆಂದು ಕಾದಿದ್ದರಂತೆ! ಅತಿಥಿ ದೈಗಿಂಜೊ ಬಟ್ಟಲನ್ನು ಎರಡೂ ಕೈಯಲ್ಲಿ ಕೊಟ್ಟರು, ಮಾವ ಎರಡೂ ಕೈಯಲ್ಲಿ ತೆಗೆದುಕೊಂಡು, ಮೂಸಿ, ಹಾಗೆಯೇ ಹಿಂದಿರುಗಿಸಿದರು. ಆಮೇಲೆ ಅವರು ಕೇಳಿದ್ದನ್ನು ನಾನು ನನ್ನ ಕುಂಟು ಇಂಗ್ಲಿಷಿನಲ್ಲಿ ಹೇಳಿದೆ.

"ಅಷ್ಟು ತೌಡು ಏನ್ ಮಾಡ್ತೀರಿ ಸ್ವಾಮಿ?"

ಅತಿಥಿಯ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಊರೂರು ಸುತ್ತಿದ್ದೇನೆ, ಎಲ್ಲರೂ ಸಾಕೆಯ ಬಗ್ಗೆ ಕೇಳುತ್ತಾರೆ, ತೌಡಿನ ಬಗ್ಗೆ ಕೇಳಿದ ಮೊದಲನೆಯವರು ಇವರು ಎಂದರು. ಹೊರಗಿನ ತೌಡು ದನಕ್ಕೆ, ಉಪ್ಪಿನಕಾಯಿಗೆ. ಒಳಗಿನ ಬಿಳಿ ಹಿಟ್ಟಿನಿಂದ ತಿಂಡಿ ಮಾಡುತ್ತಾರಂತೆ. ಏನೂ ಚೆಲ್ಲುವುದಿಲ್ಲವೆಂದು ಕೇಳಿ ಮಾವನಿಗೆ ನೆಮ್ಮದಿಯಾಯಿತು. ತಮ್ಮ ನಾಲ್ಕನೇ ಪಾಲಿಷ್ಷಿನ ಗಂಟು ಬಿಚ್ಚಿ ತೋರಿಸಿದರು. ಅತಿಥಿ ಒಂದು ಕಾಳನ್ನು ಮುಂಬಲ್ಲಿನಲ್ಲಿ ಕಚ್ಚಿದರು, ಥೇಟ್ ಮಾವನ ಹಾಗೆಯೇ. ಒಂದು ಭಾಷೆಯೂ ಹೊಂದದ ಆ ಇಬ್ಬರು ಮುದುಕರು ಅಂಗೈಯಲ್ಲಿ ಅಕ್ಕಿ ಹರಡಿಕೊಂಡು ಅರ್ಧ ಗಂಟೆ ಕೂತಿದ್ದರು. ನಾನು ನಡುವೆ ಮಾತು ದಾಟಿಸುವುದನ್ನೂ ಬಿಟ್ಟು ಕಾಫಿ ಮಾಡಲು ಎದ್ದೆ.

"ಆ ಅರ್ಧ ಕಾಳಿನಕ್ಕಿ ಒಂದ್ ಇಡಿ ನೋಡ್ಬೇಕು ಕಣವ್ವ, ಕೇಳು" ಎಂದರು ಮಾವ ಹೊರಡುವ ಹೊತ್ತಿಗೆ. ಕೇಳಿದೆ. ಮುಂದಿನ ಸಲ ಖಂಡಿತ ಎಂದು ಅತಿಥಿ ಎದೆ ಮುಟ್ಟಿಕೊಂಡು ಹೇಳಿದರು.

ಸಾಕೆ ಈಗ ನನ್ನ ಜವಾಬ್ದಾರಿ, ಬಾರೂ ನನ್ನದೇ. ಹದಿನಾಲ್ಕು ಬಗೆ ತರಿಸುತ್ತೇನೆ. ಹೋಟೆಲ್ ಕೋರ್ಸು ಓದಿದವರು ನನ್ನ ಕೈಕೆಳಗೆ ಕಲಿಯಲು ಬರುತ್ತಾರೆ, ನಾನು ಮೊದಲು ಹಸಿ ಅಕ್ಕಿ ಅಗಿಯಿರಿ ಎನ್ನುತ್ತೇನೆ, ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಮಾವ ಇದನ್ನೆಲ್ಲ ಒಂದು ವರ್ಷ ಕಣ್ಣಾರೆ ಕಂಡರು. ಹೊಸ ಬಗೆ ಬಂದಾಗಲೆಲ್ಲ ಒಂದು ಶೀಶೆ ಮನೆಗೆ ಬರುತ್ತಿತ್ತು, ಅವತ್ತು ಅವರ ಸ್ನಾನ ತಡವಾಗುತ್ತಿತ್ತು. ಹೋದದ್ದು ಒಂದು ಬೆಳಗ್ಗೆ, ಸ್ನಾನ ಪೂಜೆ ಮುಗಿಸಿ, ಕಾಫಿ ಕುಡಿದು, ಕುರ್ಚಿಯಲ್ಲಿ ಕೂತಲ್ಲೇ. ಹಸಿದು ಹೋಗಲಿಲ್ಲ ಎನ್ನುವುದೊಂದೇ ನನಗೆ ಸಮಾಧಾನ. ಅವರ ಅಂಗಿಗಳನ್ನು ನಾನಿನ್ನೂ ಒಗೆದಿಲ್ಲ.

ಹೋದ ವಾರ ಆ ಚೀಲ ಕೈಗೆ ಬಂದಾಗ ಅತಿಥಿ ಮನೆಗೆ ಹೋಗೋಣವೇ ಎಂದರು. ಮಾವ ಇಲ್ಲವೆಂದು ನಾನು ಹೇಳಿದೆ. ಅವರು ಹಿನ್ನೀರಿನ ಕಡೆ ತಿರುಗಿ ಕೈ ಜೋಡಿಸಿದರು. ಆಮೇಲೆ ಚೀಲದ ಕಡೆ ಕೈ ತೋರಿಸಿದರು. ನಾನು ಅಂಗೈಗೆ ಸುರಿದುಕೊಂಡೆ, ಉಫ್ ಎಂದು ಊದಿದೆ, ಒಂದು ಕಾಳನ್ನು ಮುಂಬಲ್ಲಿನಲ್ಲಿ ಕಟ್ಟೆಂದು ಕಚ್ಚಿದೆ. "ಅರ್ಧ ಅಲ್ಲ ಸಾರ್, ಅರ್ಧಕ್ಕಿಂತ ಇನ್ನೂ ಒಸಿ ಜಾಸ್ತಿನೇ ಉಜ್ಜಿದ್ದೀರಿ" ಎಂದೆ. ಒಸಿ ಎಂಬ ಮಾತು ತಾನಾಗಿಯೇ ಬಾಯಿಗೆ ಬಂದಿತ್ತು, ಬೆರಳಲ್ಲಿ ಅಳತೆ ತೋರಿಸಿದೆ. ಅತಿಥಿ ತಲೆಯಾಡಿಸಿದರು, ನಿಮ್ಮ ಮಾವನಿಗೆಂದೇ ಹೆಚ್ಚು ಉಜ್ಜಿಸಿ ತಂದದ್ದು ಎಂದರು.

ಆ ಅಕ್ಕಿಯನ್ನು ಮಾವನ ಟವೆಲ್ಲಿನ ಎರಡು ತುಂಡುಗಳಲ್ಲಿ ಎರಡು ಗಂಟು ಕಟ್ಟಿದ್ದೇನೆ. ಒಂದನ್ನು ಬಾರಿನ ಬಿಸಿನೀರಿನ ಪಾತ್ರೆಯ ಪಕ್ಕ ಇಡುತ್ತೇನೆ, ಇನ್ನೊಂದನ್ನು ಐಸಿನ ಪೆಟ್ಟಿಗೆಯ ಪಕ್ಕ. ನಿನ್ನೆ ಹೊಸದಾಗಿ ಸೇರಿದ ಹುಡುಗಿಯ ಮುಂದೆ ಎರಡನ್ನೂ ಇಟ್ಟು ವ್ಯತ್ಯಾಸ ಹೇಳು ಎಂದೆ. ಅವಳು ಕಣ್ಣು ಮುಚ್ಚಿ, ಅಗಿದು, ಈ ಅಕ್ಕಿ ಬೇರೆ ಊರಿನದು, ಆ ಅಕ್ಕಿ ಬೇರೆ ಊರಿನದು ಮೇಡಂ ಎಂದು ಹೇಳಿದಳು. ನಾನು ನಗಲು ಶುರುಮಾಡಿದೆ, ಅವಳು ಪೆಚ್ಚಾಗಿ ನಿಂತಳು, ನಾನು ಇನ್ನೂ ಜೋರಾಗಿ ನಕ್ಕೆ. ಎರಡು ದಿನ ನಗಬೇಕೆಂದುಕೊಂಡಿದ್ದೆ. ವ್ಯಾನು ಸರಗೂರು ಮುಟ್ಟುವಷ್ಟರಲ್ಲಿ ನಗು ಮುಗಿದುಹೋಗಿತ್ತು, ಹಿತ್ತಲ ಕಲ್ಲಿನ ಪಕ್ಕ ಯಾರೂ ಕಾದಿರಲಿಲ್ಲ.